ಅರ್ಧ ಅಂಕದ ಲೆಕ್ಕ



ಕಳೆದ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಸಂಘದಲ್ಲಿ ಚದುರಂಗ ಸ್ಪರ್ಧೆ ನಡೆಯಿತಲ್ಲ, ನಿಮ್ಮಲ್ಲಿ ಕೆಲವರು ಅದರಲ್ಲಿ ಆಡಿದಿರಿ. ಇನ್ನು ಕೆಲವರು ಉಪ್ಪಿಟ್ಟು-ಶಿರಾದ ತಟ್ಟೆ ಹಿಡಿದುಕೊಂಡು ಸುತ್ತ ನಿಂತು ನೋಡಿದಿರಿ. ಕೊನೆಯ ಸುತ್ತಿನಲ್ಲಿ ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗನಿಗೂ ಕಾಲೇಜು ಓದುವ ಒಬ್ಬ ಹುಡುಗಿಗೂ ಬಿದ್ದ ಆಟ ನಿಮಗೆ ನೆನಪಿರಬಹುದು. ಬೇರೆಲ್ಲ ಮೇಜುಗಳು ಖಾಲಿಯಾಗಿ, ಕುರ್ಚಿಗಳನ್ನು ಮಡಚಿ ಗೋಡೆಗೆ ಒರಗಿಸಿದ ಮೇಲೂ ಅವರಿಬ್ಬರೂ ತಲೆ ಎತ್ತಿರಲಿಲ್ಲ. ಎರಡೂವರೆ ತಾಸಿನ ನಂತರ ಆಟ ಡ್ರಾ ಆಯಿತು. ಇಬ್ಬರೂ ಕೈಕುಲುಕಿ ಎದ್ದರು.

ಬಾಗಿಲಲ್ಲಿ ಅವನ ಅಪ್ಪ ನಿಂತಿದ್ದರು.

“ಏನಾತೋ?”

“ಡ್ರಾ ಆತಪ್ಪಾ.”

“ಅಂದ್ರ ಗೆದ್ದಿಲ್ಲ, ಸೋತೂ ಇಲ್ಲ. ಹಂಗಾರ ಎರಡೂವರೆ ತಾಸು ಕುಂತು ಮಾಡಿದ್ದೇನು?”

ಅವರು ತಮಾಷೆಗೆಂದೇ ಅಂದದ್ದು. ಸುತ್ತ ಇದ್ದವರೆಲ್ಲ ನಕ್ಕರು. ಹುಡುಗ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ನಡೆಗಳ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ಪೇಪರ್ ಪ್ಲೇಟುಗಳನ್ನು ಹಾಕಿದ್ದ ಡಬ್ಬಿಯಲ್ಲಿ ಹಾಕಿ ಹೊರಗೆ ಹೋದ. ಆಮೇಲೆ ಅವನು ಚದುರಂಗದ ಕ್ಲಾಸಿಗೆ ಹೋಗುವುದನ್ನು ಬಿಟ್ಟನೆಂದು ಅವನ ತಾಯಿಯಿಂದ ತಿಳಿಯಿತು. ನಕ್ಕವರಲ್ಲಿ ನಾನೂ ಒಬ್ಬ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಲೇಖನ ಬರೆಯಲು ಅದೇ ಕಾರಣ. ಆ ಹಾಳೆಯನ್ನು ನಾನು ಡಬ್ಬಿಯಿಂದ ತೆಗೆದು ಇಟ್ಟುಕೊಂಡಿದ್ದೇನೆ, ಶಿರಾದ ತುಪ್ಪದ ಕಲೆಯ ಸಮೇತ. ಅದರ ಸಂಗತಿ ಆಮೇಲೆ.

ಮೊದಲು ಒಂದು ಮಾತು. ನೀವು ಶಾಲೆಯಲ್ಲಿ ಮರಾಠಿ ಗೆಳೆಯರ ಜೊತೆ ‘ಹತ್ತಿ, ಘೋಡಾ, ಉಂಟ್, ವಜೀರ್’ ಎನ್ನುತ್ತೀರಿ. ಕ್ಲಾಸಿನಲ್ಲಿ ‘ರೂಕ್, ನೈಟ್, ಬಿಷಪ್, ಕ್ವೀನ್’ ಎನ್ನುತ್ತೀರಿ. ಮನೆಯಲ್ಲಿ ಅಜ್ಜ ಇದ್ದರೆ ಕೇಳಿ ನೋಡಿ: ಆನೆ, ಕುದುರೆ, ಒಂಟೆ, ಮಂತ್ರಿ, ಕಾಲಾಳು ಅಂತ ಹೇಳುತ್ತಾರೆ. ನಾನೂ ಈ ಲೇಖನದಲ್ಲಿ ಅವನ್ನೇ ಬಳಸುತ್ತೇನೆ. ಮನೆಗಳ ಹೆಸರು ಮಾತ್ರ ನೀವು ಬರೆಯುವಂತೆಯೇ ಇರಲಿ: ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8. ಮನೆಯಲ್ಲಿ ಬೋರ್ಡು ಇದ್ದರೆ ಎದುರಿಗೆ ಇಟ್ಟುಕೊಂಡೇ ಓದಿ.

ಚೆನ್ನೈನ 16 ನಡೆಗಳು

2013ರ ನವೆಂಬರ್ 9. ಚೆನ್ನೈನಲ್ಲಿ ವಿಶ್ವ ಚಾಂಪಿಯನ್ ಪಂದ್ಯದ ಮೊದಲ ಆಟ. 2007ರಿಂದ ಪಟ್ಟ ಬಿಟ್ಟುಕೊಡದ ನಮ್ಮ ವಿಶ್ವನಾಥನ್ ಆನಂದರಿಗೆ ಆಗ 43 ವರ್ಷ. ಎದುರಿಗೆ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್, 22 ವರ್ಷ, ಆಗಲೇ ಲೋಕದ ಅತ್ಯಂತ ಹೆಚ್ಚಿನ ರೇಟಿಂಗಿನ ಆಟಗಾರ. ಬಿಳಿ ಕಾಯಿ ಕಾರ್ಲ್‌ಸನ್‌ಗೆ, ಕಪ್ಪು ಆನಂದರಿಗೆ. ಊರಿನ ಹುಡುಗನ ಪಟ್ಟ ಉಳಿಯುತ್ತದೋ ಹೋಗುತ್ತದೋ ಎಂದು ಇಡೀ ದೇಶ ಟೀವಿ ಮುಂದೆ ಕುಳಿತಿತ್ತು. ಆಟ 16 ನಡೆಗೆ ಮುಗಿಯಿತು, ಡ್ರಾ ಎಂದು!

ನಮ್ಮ ಕಾಲೊನಿಯಲ್ಲಿ ಒಬ್ಬರು “ಇಷ್ಟಕ್ಕೆ ಅಷ್ಟು ಖರ್ಚು ಮಾಡಿ ಪಂದ್ಯ ಇಡಬೇಕಿತ್ತೇ?” ಎಂದು ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಕ್ರಿಕೆಟ್ಟಿನ ಕಣ್ಣಿನಿಂದ ನೋಡಿದರೆ ಅವರ ಮಾತು ಸರಿಯೇ. ಆದರೆ ಆ 16 ನಡೆಗಳಲ್ಲಿ ಏನಾಯಿತು ನೋಡೋಣ.

ಮೊದಲ ಹತ್ತು ನಡೆ ಇಬ್ಬರೂ ಮನೆ ಕಟ್ಟಿಕೊಂಡರು. ಇಬ್ಬರ ಒಂಟೆಯೂ ಜಿ ಸಾಲಿನ ಮೂಲೆಯಲ್ಲಿ ಕುಳಿತಿತು, ಇಬ್ಬರ ರಾಜನೂ ಅದರ ಹಿಂದೆ ಅಡಗಿದ. ಹತ್ತನೆಯ ನಡೆಯ ಹೊತ್ತಿಗೆ ಆನಂದರ ಒಂದು ಕುದುರೆ ಬಿ6ರಲ್ಲಿತ್ತು. ಕಾರ್ಲ್‌ಸನ್ ತಮ್ಮ ಕಾಲಾಳನ್ನು ಸಿ5ಕ್ಕೆ ನೂಕಿ “ಏಳು ಅಲ್ಲಿಂದ” ಅಂದರು. ಕುದುರೆ ಹಿಂದೆ ಸರಿಯಲಿಲ್ಲ, ಮುಂದೆ ಹಾರಿ ಸಿ4ರಲ್ಲಿ ನಿಂತು ಬಿ2ರ ಒಂಟೆಯ ಮೇಲೆ ಕಣ್ಣು ಹಾಕಿತು. ಒಂಟೆ ಹೊರಟ ಮನೆಗೇ, ಸಿ1ಕ್ಕೆ, ವಾಪಸು ಹೋಯಿತು. ಆನಂದ್ ಇನ್ನೊಂದು ಕುದುರೆಯನ್ನು ಡಿ5ಕ್ಕೆ ತಂದು ಬೋರ್ಡಿನ ನಡುವೆ ನಿಲ್ಲಿಸಿದರು.

ಈಗ ಬಿಳಿ ಮಂತ್ರಿ ಬಿ3ಕ್ಕೆ ಬಂದು ಸಿ4ರ ಕುದುರೆಯನ್ನು ಹೆದರಿಸಿತು. ಕುದುರೆ ಎ5ಕ್ಕೆ ಹಾರಿತು, ಅಲ್ಲಿಂದ ಮಂತ್ರಿಯನ್ನೇ ಹೆದರಿಸಿತು. ಮಂತ್ರಿ ಎ3ಕ್ಕೆ ಹೋಗಿ ಮತ್ತೆ ಕುದುರೆಯ ಮೇಲೆ ಬಿತ್ತು. ಕುದುರೆ ಸಿ4ಕ್ಕೆ ಮರಳಿ ಮತ್ತೆ ಮಂತ್ರಿಯ ಮೇಲೆ! ಇಲ್ಲಿ ಸ್ವಲ್ಪ ನಿಂತು ನೋಡಿ. ಎ3ರಲ್ಲಿರುವ ಮಂತ್ರಿ ಎಲ್ಲಿಗೆ ಹೋಗಬಹುದು? ಬಿ4ಕ್ಕೆ ಹೋದರೆ ಡಿ5ರ ಕುದುರೆ ಹೊಡೆಯುತ್ತದೆ. ಎ4ಕ್ಕೆ ಹೋದರೆ ಅದೇ ಕುದುರೆ ಸಿ3ರ ಬಿಳಿ ಕುದುರೆಯನ್ನು ಹೊಡೆದು, ಅಲ್ಲಿಂದ ಮಂತ್ರಿಗೂ ಗುರಿ ಇಡುತ್ತದೆ. ಬಿ2, ಎ5 ಎರಡನ್ನೂ ಸಿ4ರ ಕುದುರೆ ಕಾಯುತ್ತಿದೆ. ಉಳಿದದ್ದು ಬಿ3 ಒಂದೇ. ಬಿ3ಕ್ಕೆ ಹೋದರೆ ಕುದುರೆ ಮತ್ತೆ ಎ5ಕ್ಕೆ. ಹೀಗೆ ಮಂತ್ರಿಗೂ ಕುದುರೆಗೂ ಹಗ್ಗ ಜಗ್ಗಾಟ. ಒಂದೇ ಸ್ಥಿತಿ ಬೋರ್ಡಿನ ಮೇಲೆ ಮೂರು ಸಲ ಬಂದರೆ ಆಟಗಾರ ಡ್ರಾ ಕೇಳಬಹುದು ಎಂಬ ನಿಯಮವಿದೆ. ಅದರ ಪ್ರಕಾರ ಆಟ ಅಲ್ಲಿಗೆ ನಿಂತಿತು.

ಬಿಳಿ ಕಾಯಿಯವನು ಮೊದಲು ನಡೆಯುವವನು. ಅದು ಟೆನಿಸ್ಸಿನ ಸರ್ವ್ ಇದ್ದ ಹಾಗೆ, ಸಣ್ಣದಾದರೂ ಲಾಭವೇ. ಲೋಕದ ನಂಬರ್ ಒಂದು ಆಟಗಾರ ಆ ಲಾಭ ಇಟ್ಟುಕೊಂಡು ಕುಳಿತಾಗ, ಕಪ್ಪು ಕಾಯಿ ಹಿಡಿದ ಆನಂದ್ ಅದನ್ನು 16 ನಡೆಗಳಲ್ಲಿ ಕರಗಿಸಿಬಿಟ್ಟರು. ಕಾರ್ಲ್‌ಸನ್‌ಗೆ ಬೇರೆ ದಾರಿ ಇರಲಿಲ್ಲವೇ ಎಂದರೆ, ಮೊದಲೇ ಡಿ5ರ ಕುದುರೆಯನ್ನು ಹೊಡೆದು ಆಟ ಮುಂದುವರಿಸಬಹುದಿತ್ತು. ಆದರೆ ಹಾಗೆ ಮಾಡಿದರೆ ಬಿಳಿಗೆ ಸಿಗಬೇಕಾದ್ದೇನೂ ಸಿಗುತ್ತಿರಲಿಲ್ಲ. ಜಾಣರು, ಇಲ್ಲಿ ಹಟ ಹಿಡಿಯಬಾರದೆಂದು ಅವರಿಗೆ ಗೊತ್ತಾಯಿತು.

ಆ ಪಂದ್ಯ ಮುಂದೆ ಏನಾಯಿತೆಂದು ನಿಮಗೆ ಗೊತ್ತೇ ಇದೆ. ಕಾರ್ಲ್‌ಸನ್ 5, 6 ಮತ್ತು 9ನೆಯ ಆಟಗಳನ್ನು ಗೆದ್ದರು, ಉಳಿದ ಏಳೂ ಡ್ರಾ. ನವೆಂಬರ್ 22ರಂದು 6.5-3.5ರಿಂದ ಪಟ್ಟ ಅವರದಾಯಿತು. ಅದನ್ನು ಅವರ ಕೈಗೆ ಕೊಟ್ಟ ಕೊನೆಯ ಅರ್ಧ ಅಂಕ ಹತ್ತನೆಯ ಆಟದ್ದು. ಅದೂ ಡ್ರಾ! ಆ ದಿನ ಯಾರೂ ಅವರನ್ನು “ಮಾಡಿದ್ದೇನು?” ಎಂದು ಕೇಳಲಿಲ್ಲ ನೋಡಿ.

ಅರ್ಧ ಎಲ್ಲಿಂದ ಬಂತು

ಡ್ರಾಗೆ ಅರ್ಧ ಅಂಕ ಕೊಡುವುದು ಮೊದಲಿನಿಂದ ಇದ್ದ ಪದ್ಧತಿ ಅಲ್ಲ. ಹಳೆಯ ಟೂರ್ನಮೆಂಟುಗಳಲ್ಲಿ ಡ್ರಾ ಆದರೆ “ಇನ್ನೊಮ್ಮೆ ಆಡಿ” ಎನ್ನುತ್ತಿದ್ದರು. 1867ರಲ್ಲಿ ಪ್ಯಾರಿಸ್ಸಿನವರು ಇನ್ನೂ ಕಠಿಣರಾದರು, ಡ್ರಾ ಆದರೆ ಇಬ್ಬರಿಗೂ ಸೊನ್ನೆ. ಅದೇ ವರ್ಷ ಸ್ಕಾಟ್‌ಲೆಂಡಿನ ಡಂಡಿ ಎಂಬ ಊರಿನಲ್ಲಿ ಯಾರಿಗೋ ನ್ಯಾಯ ಹೊಳೆದು, ಇಬ್ಬರಿಗೂ ಅರ್ಧರ್ಧ ಎಂದರು. ಅದೇ ಇಂದಿಗೂ ನಡೆದು ಬಂದಿದೆ. ಪ್ಯಾರಿಸ್ಸಿನ ಲೆಕ್ಕ ನಮ್ಮ ಹುಡುಗನ ಅಪ್ಪನ ಲೆಕ್ಕವೇ ಎಂಬುದನ್ನು ನೀವು ಗಮನಿಸಿರಬಹುದು.

ಆಟ ಡ್ರಾ ಆಗುವ ದಾರಿಗಳು ಅನೇಕ. ಮೂರು ಸಲದ ಸ್ಥಿತಿ ಹೇಳಿದೆ. 50 ನಡೆಗಳಲ್ಲಿ ಒಂದು ಕಾಯಿಯೂ ಹೊಡೆಯದೆ, ಒಂದು ಕಾಲಾಳೂ ಕದಲದೆ ಇದ್ದರೆ ಆಗಲೂ ಕೇಳಬಹುದು. ರಾಜನಿಗೆ ಚೆಕ್ ಇಲ್ಲ, ಆದರೆ ನಡೆಯಲು ಒಂದು ನಡೆಯೂ ಇಲ್ಲವೆಂದರೆ ಅದು ಸ್ಟೇಲ್‌ಮೇಟ್. ರಾಜನ ಜೊತೆ ಒಂದೇ ಕುದುರೆಯೋ ಒಂದೇ ಒಂಟೆಯೋ ಉಳಿದರೆ ಒಂಟಿ ರಾಜನನ್ನು ಕೂಡ ಕಟ್ಟಲಾಗದು. ನನಗೆ ಬಹಳ ಮೋಜೆನಿಸುವುದು ಒಬ್ಬನಿಗೆ ಬಿಳಿ ಮನೆಯ ಒಂಟೆ, ಇನ್ನೊಬ್ಬನಿಗೆ ಕಪ್ಪು ಮನೆಯ ಒಂಟೆ ಉಳಿದ ಆಟ. ಆ ಎರಡು ಒಂಟೆಗಳು ಒಂದೇ ಓಣಿಯಲ್ಲಿದ್ದೂ ಜನ್ಮದಲ್ಲಿ ಎದುರಾಗುವುದಿಲ್ಲ. ಎರಡು ಕಾಲಾಳು ಹೆಚ್ಚಿದ್ದರೂ ಎಷ್ಟೋ ಸಲ ಗೆಲ್ಲಲಾಗದು.

ಇನ್ನು ನಿರಂತರ ಚೆಕ್. ಸೋಲುತ್ತಿರುವವನು ಮಂತ್ರಿಯಿಂದ ಚೆಕ್ ಕೊಡುತ್ತ ಹೋಗುತ್ತಾನೆ. ಎದುರಾಳಿಯ ರಾಜ ಅತ್ತಿತ್ತ ಓಡುತ್ತಾನೆ. ಓಡುವುದು ಬಿಟ್ಟು ಬೇರೆ ಕೆಲಸಕ್ಕೆ ಅವನಿಗೆ ಪುರಸೊತ್ತೇ ಸಿಗುವುದಿಲ್ಲ. 1914ರಲ್ಲಿ ಮಾಸ್ಕೋದಲ್ಲಿ 21 ವರ್ಷದ ಅಲೆಖಿನ್ ಆಗಿನ ವಿಶ್ವ ಚಾಂಪಿಯನ್ ಲಾಸ್ಕರ್ ಎದುರು ಹೀಗೇ ಮಾಡಿದರು. 13ನೆಯ ನಡೆಯಲ್ಲಿ ಒಂಟೆಯನ್ನೂ 14ನೆಯದರಲ್ಲಿ ಆನೆಯನ್ನೂ ಮುಂದೊಡ್ಡಿ, ಲಾಸ್ಕರ್ ರಾಜನ ಮುಂದಿನ ಗೋಡೆ ಒಡೆದರು. 16ನೆಯ ನಡೆಯಲ್ಲಿ ಮಂತ್ರಿ ಜಿ6ಕ್ಕೆ ಬಂದು ಕುಳಿತ ಕೂಡಲೇ ಇಬ್ಬರೂ ಡ್ರಾ ಎಂದರು, ಏಕೆಂದರೆ ಮುಂದೆ ಕಾಣುತ್ತಿದ್ದದ್ದು ಚೆಕ್ ಮೇಲೆ ಚೆಕ್. ಅಲೆಖಿನ್ ಗೆದ್ದ ನೂರಾರು ಆಟಗಳ ಜೊತೆ ಈ 16 ನಡೆಯ ಡ್ರಾ ಆಟವನ್ನೂ ಜನ ನೂರು ವರ್ಷದಿಂದ ಆಡಿ ನೋಡುತ್ತಿದ್ದಾರೆ.

ಡ್ರಾ ಎಂದರೆ ಎಲ್ಲವೂ ಪವಿತ್ರ ಎಂದು ನಾನು ಹೇಳುವವನಲ್ಲ. ಇಬ್ಬರು ದೊಡ್ಡ ಆಟಗಾರರು ಹತ್ತು ನಡೆ ಆಡಿದಂತೆ ಮಾಡಿ, ಕೈಕುಲುಕಿ ಊಟಕ್ಕೆ ಹೋದ ಆಟಗಳೂ ಬೇಕಾದಷ್ಟಿವೆ. ಅದು ನೋಡುವವರಿಗೆ ಮಾಡುವ ಮೋಸ. ಇದಕ್ಕೆ ಬೇಸತ್ತೇ 2005ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ “ನಿಮ್ಮ ನಿಮ್ಮಲ್ಲೇ ಡ್ರಾ ಮಾತಾಡಿಕೊಳ್ಳುವಂತಿಲ್ಲ” ಎಂಬ ನಿಯಮ ತಂದರು. 2018ರಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್-ಕರುವಾನಾ ಪಂದ್ಯದ 12 ಆಟಗಳೂ ಡ್ರಾ ಆದಾಗಲೂ ಜನ ಬೈದರು. ಅವುಗಳಲ್ಲಿ ಕೆಲವು ನಿಜವಾದ ಕಾದಾಟಗಳಾಗಿದ್ದವು, ಆದರೆ ಪತ್ರಿಕೆಯ ತಲೆಬರಹಕ್ಕೆ ಅಷ್ಟು ಪುರಸೊತ್ತೆಲ್ಲಿ?

ಐದು ಸೊನ್ನೆ

ನೀವು ಹುಟ್ಟುವುದಕ್ಕೆ ಎಷ್ಟೋ ಮೊದಲಿನ ಒಂದು ಕಥೆ ಹೇಳಲೇಬೇಕು. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಚಾಂಪಿಯನ್ ಕಾರ್ಪೋವ್ ಎದುರು 21 ವರ್ಷದ ಕಾಸ್ಪರೋವ್ ಕುಳಿತರು. ಯಾರು ಮೊದಲು ಆರು ಆಟ ಗೆಲ್ಲುತ್ತಾರೋ ಅವರಿಗೆ ಪಟ್ಟ, ಡ್ರಾ ಲೆಕ್ಕಕ್ಕಿಲ್ಲ. ಒಂಬತ್ತು ಆಟ ಮುಗಿಯುವಷ್ಟರಲ್ಲಿ ಕಾರ್ಪೋವ್ ನಾಲ್ಕು ಗೆದ್ದಿದ್ದರು, ಕಾಸ್ಪರೋವ್ ಒಂದೂ ಇಲ್ಲ. ಹುಡುಗ ಇನ್ನೊಂದು ವಾರದಲ್ಲಿ ಮನೆಗೆ ಹೋಗುತ್ತಾನೆ ಎಂದೇ ಎಲ್ಲರ ಎಣಿಕೆ.

ಅಲ್ಲಿಂದ ಹುಡುಗ ಸೋಲುವುದನ್ನು ನಿಲ್ಲಿಸಿದ. ಗೆಲ್ಲಲು ಆಗುತ್ತಿರಲಿಲ್ಲ, ಸರಿ, ಸೋಲಲೂ ಇಲ್ಲ. 10ನೆಯ ಆಟದಿಂದ 26ನೆಯ ಆಟದವರೆಗೆ ಸಾಲಾಗಿ 17 ಡ್ರಾ! 27ನೆಯದನ್ನು ಕಾರ್ಪೋವ್ ಗೆದ್ದು 5-0 ಮಾಡಿದರು. ಇನ್ನು ಒಂದೇ ಒಂದು ಸೋಲು ಬಾಕಿ. ಆ ಒಂದನ್ನು ಕಾಸ್ಪರೋವ್ ಕೊಡಲೇ ಇಲ್ಲ. 32ನೆಯ ಆಟ ಗೆದ್ದರು. ಮತ್ತೆ ಡ್ರಾಗಳ ಸಾಲು. 47ನೆಯದು ಗೆದ್ದರು, 48ನೆಯದೂ ಗೆದ್ದರು. ಐದು ತಿಂಗಳು ಕಳೆದಿತ್ತು. 40 ಡ್ರಾ ಆಗಿದ್ದವು. 1985ರ ಫೆಬ್ರವರಿ 15ರಂದು ಅಂತಾರಾಷ್ಟ್ರೀಯ ಸಂಸ್ಥೆಯ ಅಧ್ಯಕ್ಷ ಕಂಪೊಮಾನೆಸ್ ಪಂದ್ಯವನ್ನೇ ನಿಲ್ಲಿಸಿದರು. ಆ ತೀರ್ಮಾನ ಸರಿಯೋ ತಪ್ಪೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಹೊಸ ಪಂದ್ಯದಲ್ಲಿ ಕಾಸ್ಪರೋವ್ ಚಾಂಪಿಯನ್ ಆದರು. ಆ ಡ್ರಾಗಳಿಗೆ ಅರ್ಧ ಅಂಕ ಕೂಡ ಇರಲಿಲ್ಲ ಎಂಬುದನ್ನು ಮರೆಯಬೇಡಿ. ಪ್ರತಿಯೊಂದೂ ಮತ್ತೊಂದು ದಿನ ಬದುಕಿಕೊಳ್ಳಲು ಮಾತ್ರ.

ನಮ್ಮ ಕಡೆಯ ಸಂಗತಿ

ಚದುರಂಗ ಚೆನ್ನೈಯವರದು, ಇಲ್ಲವಾದರೆ ರಷ್ಯದವರದು ಎಂಬ ಭಾವನೆ ನಿಮ್ಮಲ್ಲಿದ್ದರೆ ಸ್ವಲ್ಪ ತಡೆಯಿರಿ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ (ಕಲ್ಯಾಣವೆಂದರೆ ನಮ್ಮ ಬಸವಕಲ್ಯಾಣ, ಮುಂಬಯಿಯ ಹತ್ತಿರದ ಸ್ಟೇಷನ್ ಅಲ್ಲ!) ಹನ್ನೆರಡನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಜೊತೆ ಚದುರಂಗದ ವಿವರವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗಂತೂ ಇದೊಂದು ಹುಚ್ಚೇ ಆಗಿತ್ತು. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಅವರು ರಚಿಸುತ್ತ ಕೂರುತ್ತಿದ್ದರು. ಅಂತಹ ನಾಡಿಗೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು 2017ರವರೆಗೆ ಕಾಯಬೇಕಾಯಿತು. ಅವರೂ ಮೈಸೂರಿನವರೇ, ಎಂ. ಎಸ್. ತೇಜ್‌ಕುಮಾರ್, ಭಾರತದ 50ನೆಯ ಗ್ರ್ಯಾಂಡ್‌ಮಾಸ್ಟರ್. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ 76ನೆಯವರಾದರು, ಅದೇ ಹೊತ್ತಿಗೆ 16 ವರ್ಷದೊಳಗಿನವರ ವಿಶ್ವ ಚಾಂಪಿಯನ್ ಕೂಡ ಆದರು. ಗ್ರ್ಯಾಂಡ್‌ಮಾಸ್ಟರ್ ಆಗಲು 2500 ರೇಟಿಂಗಿನ ಜೊತೆ ‘ನಾರ್ಮ್’ಗಳು ಬೇಕು. ಒಂದು ಟೂರ್ನಮೆಂಟಿನ ಕೊನೆಯ ಸುತ್ತಿನಲ್ಲಿ ಅರ್ಧ ಅಂಕ ಸಿಕ್ಕರೆ ನಾರ್ಮ್, ಸಿಗದಿದ್ದರೆ ಮತ್ತೆ ಟ್ರೈನ್ ಟಿಕೆಟ್ಟು, ಮತ್ತೆ ಬೇರೊಂದು ಊರು. ಆ ಅರ್ಧ ಅಂಕದ ಬೆಲೆ ಅಂತಹ ಆಟಗಾರರ ತಂದೆತಾಯಿಗಳನ್ನು ಕೇಳಬೇಕು.

ಅಥಣಿ, ಜಮಖಂಡಿ ಕಡೆಯವರಾದರೆ ನೀವು ಊರಿಗೆ ಹೋಗುವಾಗ ಸಾಂಗ್ಲಿ-ಮೀರಜ ದಾಟಿಯೇ ಹೋಗಿರುತ್ತೀರಿ. ಆ ಸಾಂಗ್ಲಿಯಲ್ಲಿ ಭಾವೂಸಾಹೇಬ ಪಡಸಲಗೀಕರ್ ಎಂಬುವರು ನೂತನ ಬುದ್ಧಿಬಳ ಮಂಡಳ ಕಟ್ಟಿ ದಶಕಗಳ ಕಾಲ ಮಕ್ಕಳಿಗೆ ಚದುರಂಗ ಕಲಿಸಿದರು. ಭಾಗ್ಯಶ್ರೀ ಸಾಠೆ-ಠಿಪ್ಸೆ ಅಲ್ಲಿಂದಲೇ ಬಂದವರು.

ಇನ್ನು ನಮ್ಮ ಪುಣೆ. 2000ದಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ ಅಭಿಜಿತ್ ಕುಂಟೆ ಈ ಊರಿನವರು. 2024ರ ಸೆಪ್ಟೆಂಬರಿನಲ್ಲಿ ಬುಡಾಪೆಸ್ಟ್ ಒಲಿಂಪಿಯಾಡಿನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿ ಚಿನ್ನ ಗೆದ್ದಾಗ ತಂಡದ ನಾಯಕರಾಗಿ ಪಕ್ಕದಲ್ಲಿ ಕುಳಿತಿದ್ದವರು ಇವರೇ. ಎಂಟನೆಯ ಸುತ್ತಿನಲ್ಲಿ ಪೋಲೆಂಡ್ ಎದುರು ಸೋತ ಮೇಲೆ ಹುಡುಗಿಯರ ಸ್ಥಿತಿ ಕಷ್ಟವಾಗಿತ್ತು. ಹತ್ತನೆಯ ಸುತ್ತಿನಲ್ಲಿ ಎದುರಾದದ್ದು ಚೀನಾ. ನಾಲ್ಕು ಮೇಜು. ನಾಗಪುರದ ದಿವ್ಯಾ ದೇಶಮುಖ್ ಗೆದ್ದರು. ಉಳಿದ ಮೂರೂ ಡ್ರಾ. ಲೆಕ್ಕ ಹಾಕಿ: 2.5-1.5. ಮರುದಿನ ಪತ್ರಿಕೆಗಳಲ್ಲಿ ದಿವ್ಯಾ ಫೋಟೋ ಬಂತು, ಬರಬೇಕಾದ್ದೇ. ಆದರೆ ಆ ಮೂವರಲ್ಲಿ ಒಬ್ಬರು ಕೈಬಿಟ್ಟಿದ್ದರೂ ಪಂದ್ಯ ಸಮ, ಇಬ್ಬರು ಕೈಬಿಟ್ಟಿದ್ದರೆ ಸೋಲು.

ಅದೇ ದಿವ್ಯಾ 2025ರ ಏಪ್ರಿಲ್‌ನಲ್ಲಿ ನಮ್ಮ ಪುಣೆಯಲ್ಲೇ ಮಹಿಳಾ ಗ್ರ್ಯಾಂಡ್ ಪ್ರಿ ಆಡಿದರು. ಅದನ್ನು ಗೆದ್ದವರು ಕೊನೇರು ಹಂಪಿ. ಮೂರು ತಿಂಗಳ ನಂತರ ಜಾರ್ಜಿಯಾದ ಬಟುಮಿಯಲ್ಲಿ ಮಹಿಳಾ ವಿಶ್ವಕಪ್ಪಿನ ಫೈನಲ್‌ನಲ್ಲಿ ಇವರಿಬ್ಬರೇ ಎದುರುಬದುರು! 38 ವರ್ಷದ ಹಂಪಿ, 19 ವರ್ಷದ ದಿವ್ಯಾ. ಮೊದಲ ದಿನ ಡ್ರಾ, ಎರಡನೆಯ ದಿನ ಡ್ರಾ, ಮೂರನೆಯ ದಿನದ ಮೊದಲ ರ‍್ಯಾಪಿಡ್ ಆಟವೂ ಡ್ರಾ. ಹಂಪಿಯಂತಹವರ ಎದುರು ಮೂರು ಸಲ ಬಗ್ಗದೆ ನಿಂತ ಮೇಲೆ ನಾಲ್ಕನೆಯದನ್ನು ಕಪ್ಪು ಕಾಯಿಯಿಂದ ಗೆದ್ದು, ದಿವ್ಯಾ ವಿಶ್ವಕಪ್ಪನ್ನೂ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನೂ ಒಟ್ಟಿಗೆ ಪಡೆದರು.

ಕೈಗೆ ಬಂದ ಡ್ರಾ ಜಾರಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಡಿಸೆಂಬರ್ 12ರ ಸಿಂಗಪುರ ನೋಡಿ. ಗುಕೇಶ್ ಮತ್ತು ಡಿಂಗ್ ಲಿರೆನ್ 6.5-6.5 ಸಮವಾಗಿದ್ದರು. 14ನೆಯ, ಕೊನೆಯ ಆಟ. ಗುಕೇಶ್‌ಗೆ ಒಂದು ಕಾಲಾಳು ಹೆಚ್ಚು, ಆದರೆ ಆಟ ಡ್ರಾ ಎಂದೇ ಎಲ್ಲ ಬಲ್ಲವರೂ ಹೇಳುತ್ತಿದ್ದರು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಗುಕೇಶ್ ಒಂದು ಕ್ಷಣ ನಂಬಲಿಲ್ಲ. ಆನೆ-ಆನೆ ಹೊಡೆದಾಡಿದವು, ಒಂಟೆ-ಒಂಟೆ ಹೊಡೆದಾಡಿದವು, ಉಳಿದದ್ದು ರಾಜರು ಮತ್ತು ಕಾಲಾಳುಗಳು, ಆ ಒಂದು ಹೆಚ್ಚಿನ ಕಾಲಾಳು ಸಾಕಾಯಿತು. 58 ನಡೆಗೆ ಡಿಂಗ್ ಕೈಚಾಚಿದರು. 18 ವರ್ಷದ ಗುಕೇಶ್ ಚಾಂಪಿಯನ್. ಡಿಂಗ್ ಆ ಅರ್ಧ ಅಂಕವನ್ನು ಕಾಯ್ದುಕೊಂಡಿದ್ದರೆ ಮರುದಿನ ರ‍್ಯಾಪಿಡ್ ಆಟಗಳಿರುತ್ತಿದ್ದವು. ಆಗ ಏನಾಗುತ್ತಿತ್ತೋ ಯಾರು ಬಲ್ಲರು.

ಒಬ್ಬ ರಾಜ, ಎರಡು ಕೆಲಸ

ಈಗ ಬೋರ್ಡಿನ ಮೇಲೆ ನಾಲ್ಕೇ ಕಾಯಿ ಇಡಿ. ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6. ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ನಡೆ ಬಿಳಿಯದು. 1921ರಲ್ಲಿ ರಿಚರ್ಡ್ ರೇಟಿ ಎಂಬವರು ಪ್ರಕಟಿಸಿದ ಒಗಟು ಇದು. ಬಿಳಿ ಡ್ರಾ ಮಾಡಬೇಕು.

ಮೊದಲ ನೋಟಕ್ಕೆ ಅಸಾಧ್ಯ. ಕಪ್ಪು ಕಾಲಾಳು ಓಡುತ್ತಿದೆ, ಬಿಳಿ ರಾಜ ಎರಡು ಹೆಜ್ಜೆ ಹಿಂದೆ. ತನ್ನ ಕಾಲಾಳನ್ನು ಕಾಯೋಣವೆಂದರೆ ಅದೂ ದೂರ, ಕಪ್ಪು ರಾಜ ಅದರ ಹತ್ತಿರವೇ ಕುಳಿತಿದ್ದಾನೆ. ಒಂದು ಕೆಲಸವೂ ಆಗದು.

ಆದರೆ ರಾಜ ಮೂಲೆಯಿಂದ ಮೂಲೆಗೆ ಓರೆಯಾಗಿ ಹೊರಡುತ್ತಾನೆ: ಜಿ7. ಕಪ್ಪು ಕಾಲಾಳು ಎಚ್4. ರಾಜ ಎಫ್6. ಈಗ ಕಪ್ಪು ಕಾಲಾಳು ಎಚ್3ಕ್ಕೆ ಓಡಿದರೆ ಬಿಳಿ ರಾಜ ಇ7ಕ್ಕೆ ಹೋಗಿ ತನ್ನ ಕಾಲಾಳನ್ನು ದಡ ಸೇರಿಸುತ್ತಾನೆ. ಇಬ್ಬರಿಗೂ ಮಂತ್ರಿ ಬರುತ್ತದೆ. ಹಾಗಾಗಿ ಕಪ್ಪು ರಾಜ ಬಿ6ಕ್ಕೆ ಬಂದು ಬಿಳಿ ಕಾಲಾಳಿನ ಮೇಲೆ ಬೀಳಲು ನಿಲ್ಲುತ್ತಾನೆ. ಬಿಳಿ ರಾಜ ಇ5! ಇಲ್ಲಿ ಚಮತ್ಕಾರ ಇದೆ. ಕಪ್ಪು ರಾಜ ಸಿ6ರ ಕಾಲಾಳನ್ನು ಹೊಡೆದರೆ, ಬಿಳಿ ರಾಜ ಎಫ್4, ಆಮೇಲೆ ಜಿ3, ಓಡುವ ಕಾಲಾಳು ಸಿಕ್ಕಿಬಿತ್ತು. ಹೊಡೆಯದೆ ಕಾಲಾಳನ್ನು ಓಡಿಸಿದರೆ, ಬಿಳಿ ರಾಜ ಡಿ6ಕ್ಕೆ ಹೋಗಿ ತನ್ನ ಕಾಲಾಳಿನ ಕೈ ಹಿಡಿಯುತ್ತಾನೆ. ಎರಡೂ ದಾರಿ ಡ್ರಾ. ಭೂಮಿಯ ಮೇಲೆ ಓರೆದಾರಿ ಉದ್ದ. ಚದುರಂಗದ ರಾಜನಿಗೆ ಓರೆಯೂ ನೇರವೂ ಒಂದೇ ಅಳತೆ. ಅದೇ ಗುಟ್ಟು. ಇದನ್ನು ಮೊದಲ ಸಲ ನೋಡಿದ ರಾತ್ರಿ ನನಗೆ ಬಹಳ ಹೊತ್ತು ನಿದ್ದೆ ಬಂದಿರಲಿಲ್ಲ.

ಇನ್ನು ಆ ಹಾಳೆಯ ಸಂಗತಿ. ನಾನು ದೊಡ್ಡ ಆಟಗಾರನಲ್ಲ, ಆದರೂ ಒಂದು ಭಾನುವಾರ ಆ ಹುಡುಗನ ಮನೆಗೆ ಹೋಗಿ, ಅವನ ಅಪ್ಪನನ್ನೂ ಕೂರಿಸಿಕೊಂಡು, ಹಾಳೆಯಲ್ಲಿದ್ದ ನಡೆಗಳನ್ನು ಒಂದೊಂದಾಗಿ ಇಟ್ಟೆ. 19ನೆಯ ನಡೆಯಲ್ಲಿ ಹುಡುಗ ಒಂದು ಆನೆ ಕಳೆದುಕೊಂಡಿದ್ದ.

“ಇಲ್ಲೇ ಮುಗೀತಲ್ಲ ಆಟ?” ಅಂದರು ಅಪ್ಪ.

“ಮುಗದಿತ್ರಿ,” ಅಂದ ಹುಡುಗ.

ಆಮೇಲೆ 30 ನಡೆ ಅವನು ಆನೆ ಇಲ್ಲದೆ ಆಡಿದ್ದ. 43ರಲ್ಲಿ ಹುಡುಗಿ ಒಂದು ಕಾಲಾಳು ತಿನ್ನುವ ಆಸೆಗೆ ಮಂತ್ರಿಯನ್ನು ರಾಜನ ಪಕ್ಕದಿಂದ ದೂರ ಒಯ್ದಳು. ಅಷ್ಟೇ ಸಾಕಾಯಿತು. ಹುಡುಗನ ಮಂತ್ರಿ ಒಳನುಗ್ಗಿ ಚೆಕ್, ಮತ್ತೆ ಚೆಕ್, ಮತ್ತೆ ಚೆಕ್. ರಾಜನಿಗೆ ಎರಡೇ ಮನೆ, ಆ ಎರಡರ ನಡುವೆಯೇ ಓಡಾಟ. ಹಾಳೆಯ ಕೊನೆಯಲ್ಲಿ ಅವನ ಅಕ್ಷರದಲ್ಲಿ ‘ಅರ್ಧ-ಅರ್ಧ’ ಎಂದಿತ್ತು, ಕನ್ನಡದಲ್ಲಿ.

ಅಪ್ಪ ಕೊನೆಯ ಆರು ನಡೆಗಳನ್ನು ಹಿಂದಕ್ಕೆ ಇಟ್ಟು ಮತ್ತೆ ಆಡಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ, “ಅಲ್ಲೋ, ಆಕಿ ಮಂತ್ರಿ ಅಲ್ಲೇ ಬಿಟ್ಟಿದ್ರ ಏನ್ಮಾಡ್ತಿದ್ದಿ?” ಎಂದು ಕೇಳಿದರು. ಹುಡುಗ ಬೋರ್ಡನ್ನು ತನ್ನ ಕಡೆ ಎಳೆದುಕೊಂಡ. ಚಹಾ ಆರಿಹೋಯಿತು. ನಾನು ಎದ್ದು ಬರುವಾಗ ಅವರಿಬ್ಬರೂ 43ನೆಯ ನಡೆಯಲ್ಲೇ ಇದ್ದರು.